ಹೊತ್ತು, ವೇಳೆ, ಕಾಲ: ಗಡಿಯ ಮಕ್ಕಳ ಬಾಯಲ್ಲಿ ಸಮಯ

ಆರನೆಯ ಇಯತ್ತೆಯ ಮಕ್ಕಳಿಗೆ ಮರಾಠಿಯ ಒಂದು ವಾಕ್ಯವನ್ನು ಕನ್ನಡದಲ್ಲಿ ಬರೆಯಲು ಹೇಳಿದ್ದೆವು. ‘ಕಾಲ ಪಾಊಸ ಪಡಲಾ’ ಎಂಬುದು ಆ ವಾಕ್ಯ. ಒಬ್ಬ ವಿದ್ಯಾರ್ಥಿನಿ ‘ಮಳೆಗಾಲ ಬಂದಿತು’ ಎಂದು ಬರೆದಿದ್ದಳು. ಬರೆಯಬೇಕಾದದ್ದು ‘ನಿನ್ನೆ ಮಳೆ ಬಿದ್ದಿತು’ ಎಂದು. (ನಮ್ಮ ಜತ್ತ ತಾಲೂಕಿನಲ್ಲಿ ನಿನ್ನೆಯ ಒಂದು ಮಳೆಯನ್ನೇ ಮಳೆಗಾಲವೆಂದು ಎಣಿಸಿದರೂ ದೊಡ್ಡ ತಪ್ಪಾಗದು.)

ಆ ಮಗುವಿಗೆ ಭಾಷೆ ಬಾರದು ಎನ್ನುವಂತಿಲ್ಲ. ಮರಾಠಿಯಲ್ಲಿ ‘ಕಾಲ’ ಎಂದರೆ ನಿನ್ನೆ, ಸಮಯಕ್ಕೆ ‘ಕಾಳ’ ಎನ್ನುತ್ತಾರೆ. ಒಂದು ‘ಳ’ಕಾರದಲ್ಲಿ ಅರ್ಥವೇ ಬೇರೆಯಾಗುತ್ತದೆ. ಹಾಗೆಯೇ ಅವರ ‘ಸಕಾಳ’ ಬೆಳಗಿನ ಹೊತ್ತು, ನಮ್ಮ ‘ಸಕಾಲ’ ತಕ್ಕ ಸಮಯ. ಸರಕಾರಿ ಸೇವೆಗಳನ್ನು ಗೊತ್ತಾದ ಅವಧಿಯೊಳಗೆ ಕೊಡಲು ಕರ್ನಾಟಕವು 2011ರಲ್ಲಿ ಮಾಡಿದ ಕಾಯ್ದೆಗೆ ಈ ಎರಡನೆಯ ಹೆಸರೇ ಇದೆ.

ಸಮಯವನ್ನು ಹೇಳುವ ಕನ್ನಡದ ಸ್ವಂತ ಪದ ‘ಹೊತ್ತು’. ಹಳಗನ್ನಡದಲ್ಲಿ ಅದು ‘ಪೊೞ್ತು’, ತಮಿಳಿನಲ್ಲಿ ಇಂದಿಗೂ ‘ಪೊೞುದು’. ಇದಕ್ಕೆ ಸೂರ್ಯ ಎಂಬ ಅರ್ಥವೂ ಉಂಟು. ಹೊತ್ತು ಮೂಡಿತು, ಹೊತ್ತೇರಿತು, ಹೊತ್ತು ಮುಳುಗಿತು ಎಂದು ನಮ್ಮ ಹಿರಿಯರು ಹೇಳುವಾಗ ಆಕಾಶವೇ ಅವರ ಗಡಿಯಾರ. ‘ಇವತ್ತು’ ಎಂಬ ಮಾತಿನಲ್ಲಿ ‘ಈ ಹೊತ್ತು’ ಅಡಗಿದೆ, ‘ಅವತ್ತು’ ಎಂಬುದರಲ್ಲಿ ‘ಆ ಹೊತ್ತು’. ಉಪವಾಸದ ದಿನ ಅಜ್ಜಿ ‘ಒಪ್ಪೊತ್ತು’ ಎಂದರೆ ಒಂದೇ ಹೊತ್ತಿನ ಊಟ. ಹಳಗನ್ನಡದ ಪಕಾರ ಆ ಪದದಲ್ಲಿ ಇನ್ನೂ ಉಳಿದುಕೊಂಡಿದೆ, ವ್ಯಾಕರಣ ಪುಸ್ತಕದ ಹಂಗಿಲ್ಲದೆ. ತಲೆಯ ಮೇಲೆ ‘ಹೊತ್ತು’ ತಂದ ಕೊಡ, ಪುಸ್ತಕವೆಂಬ ‘ಹೊತ್ತಿಗೆ’ ಇವು ಬೇರೆ ಮೂಲದವು. ಮಕ್ಕಳು ಇವನ್ನು ಕೂಡಿಸಿ ಒಗಟು ಕಟ್ಟುತ್ತಾರೆ, ಕಟ್ಟಲಿ.

‘ವೇಳೆ’ ಸಂಸ್ಕೃತದ ‘ವೇಲಾ’ದಿಂದ ಬಂದದ್ದು. ನಮ್ಮ ಹೊಲಗಳಲ್ಲಿ ಅದು ‘ಯಾಳೆ’. ಮರಾಠಿಯ ‘ವೇಳ’ ಅದರ ಸೋದರ ಪದ, ಆದರೆ ಅಲ್ಲೊಂದು ತೊಡಕಿದೆ. ಕಳೆದ ಅವಧಿಯನ್ನು ಹೇಳುವಾಗ ಅದು ಪುಲ್ಲಿಂಗ: ‘ಖೂಪ ವೇಳ ಗೇಲಾ’. ಸಂದರ್ಭವನ್ನು ಹೇಳುವಾಗ ಸ್ತ್ರೀಲಿಂಗ: ‘ವೇಳ ಆಲೀ’. ನಮ್ಮ ಮಕ್ಕಳು ಇಲ್ಲಿ ಎಡವುತ್ತಾರೆ. ಕನ್ನಡ ಬಲ್ಲವರಿಗೆ ಒಂದು ಸುಲಭ ದಾರಿಯಿದೆ. ‘ಬಹಳ ಹೊತ್ತು ಹೋಯಿತು’ ಎನ್ನಬಹುದಾದಲ್ಲಿ ‘ಗೇಲಾ’, ‘ವೇಳೆ ಬಂತು’ ಎನ್ನಬಹುದಾದಲ್ಲಿ ‘ಆಲೀ’. ಎಲ್ಲ ಕಡೆಯೂ ಇದು ಒಪ್ಪದಿದ್ದರೂ ಬಹುಮಟ್ಟಿಗೆ ಕೆಲಸಕ್ಕೆ ಬರುತ್ತದೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿದೆ, ಅದನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯಬೇಕು. ಹಾಗೆ ಕಲಿಯಲು ಮನೆಯ ಕನ್ನಡವೇ ಏಣಿಯಾಗುವುದನ್ನು ನಾವು ತರಗತಿಯಲ್ಲಿ ಕಂಡಿದ್ದೇವೆ.

ಅಳತೆಯ ಪದಗಳೂ ಇವೆ. ಗಳಿಗೆ ಎಂದರೆ 24 ನಿಮಿಷ, ಎರಡು ಗಳಿಗೆ ಕೂಡಿದರೆ ಮುಹೂರ್ತ, ಮೂರು ತಾಸು ಒಂದು ಜಾವ. ಮದುವೆಯ ಕರೆಯೋಲೆಯಲ್ಲಿ ಮುಹೂರ್ತ ಉಳಿದಿದೆ, ಅದೂ ನಿಮಿಷದ ಲೆಕ್ಕದಲ್ಲಿ.

ಈಗ ಇವೆಲ್ಲಕ್ಕೂ ‘ಟೈಮು’ ಒಂದೇ ಸಾಕಾಗಿದೆ. ನಾವೂ ಆಡುತ್ತೇವೆ, ತಪ್ಪಲ್ಲ. ಆದರೆ ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸುವ ಸೆಮಿ ಇಂಗ್ಲಿಷ್ ತರಗತಿಗೆ ಹೋದ ಮಗು ‘ತ್ರೀ ಟೈಮ್ಸ್ ಫೈವ್’ ಎಂದು ಕೇಳಿ ಗಡಿಯಾರ ನೋಡಿದರೆ ನಗಬಾರದು. ಇಂಗ್ಲಿಷಿನ ಆ ಪದದಲ್ಲಿ ಹೊತ್ತೂ ಇದೆ, ಸಲವೂ ಇದೆ, ಪಟ್ಟೂ ಇದೆ. ‘ಮೂರು ಸಲ ಕರೆದೆ’, ‘ಮೂರು ಪಟ್ಟು ಹೆಚ್ಚಿತು’ ಎಂದು ಬೇರೆಬೇರೆಯಾಗಿ ಹೇಳಬಲ್ಲ ಮಗುವಿಗೆ ಈ ಭೇದವನ್ನು ಒಂದೇ ತಾಸಿನಲ್ಲಿ ತಿಳಿಸಿಕೊಡಬಹುದು. ಕನ್ನಡದಲ್ಲಿಯೂ ‘ಟೈಮು’ ಒಂದನ್ನೇ ಬಲ್ಲ ಮಗುವಿಗೆ ತಿಳಿಸಲು ನಮಗೆ ಒಂದು ವಾರ ಹಿಡಿದದ್ದುಂಟು.

ಆ ವಿದ್ಯಾರ್ಥಿನಿ ಈಗ ಎರಡು ಪಟ್ಟಿ ಮಾಡಿಕೊಂಡಿದ್ದಾಳೆ. ಒಂದರಲ್ಲಿ ಮರಾಠಿಯ ಪದಗಳು, ಇನ್ನೊಂದರಲ್ಲಿ ಅಜ್ಜಿಯನ್ನು ಕೇಳಿ ಬರೆದವು. ಅಜ್ಜಿಯ ಪಟ್ಟಿಯೇ ಉದ್ದವಾಗಿದೆ.