ಗಂಡ ಹೆಂಡಿರ ನಡುವೆ ನೀಲಿಚಿತ್ರ

ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಎದ್ದು ತೋಟಕ್ಕೆ ನೀರು ಬಿಡಲು ಹೋಗುವುದು ಕಂದಿಕೆರೆ ಕಡೆಯ ತೆಂಗು ಬೆಳೆಗಾರರಿಗೆ ಹೊಸದೇನಲ್ಲ. ಮೋಟಾರ್ ಮನೆಯಲ್ಲಿ ಒಬ್ಬನೇ ಕೂತವನಿಗೆ ಹಿಂದೆ ರೇಡಿಯೋ ಜೊತೆಯಾಗುತ್ತಿತ್ತು. ಈಗ ಮೊಬೈಲ್ ಇದೆ.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಮದುವೆಯಾಗಿ ಆರು ವರ್ಷ. ಗಂಡ ತೋಟದಿಂದ ತಡವಾಗಿ ಬಂದು ಗೋಡೆಯತ್ತ ತಿರುಗಿ ಮಲಗುತ್ತಾನೆ. ಒಂದು ದಿನ ಹೆಂಡತಿಗೆ ಅವನ ಮೊಬೈಲಿನಲ್ಲಿ ನೀಲಿಚಿತ್ರಗಳು ಕಾಣುತ್ತವೆ. ‘ನನ್ನಲ್ಲಿ ಏನು ಕೊರತೆ?’ ಎಂಬ ಕೊರಗು ಶುರುವಾಗುತ್ತದೆ. ಅತ್ತೆಗೆ ಹೇಳುವಂತಿಲ್ಲ, ತವರಿಗೂ ಹೇಳುವಂತಿಲ್ಲ. ಗಂಡನಿಗೋ ಹೆಂಡತಿಯೊಡನೆ ಮೊದಲಿನ ಉತ್ಸಾಹವಿಲ್ಲ; ‘ನರದೌರ್ಬಲ್ಯ’ ಇರಬಹುದೆಂಬ ಭಯ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಇಂಥ ಮನೆಗಳು ಎಲ್ಲ ಊರಿನಲ್ಲೂ ಇವೆ.

ಏನಾಗುತ್ತದೆ?

ನೀಲಿಚಿತ್ರ ಎಂಬುದು ನಟನೆ. ಆರಿಸಿದ ಮೈಕಟ್ಟು, ಬೇಕಾದ ಬೆಳಕು, ಕತ್ತರಿಸಿ ಜೋಡಿಸಿದ ದೃಶ್ಯಗಳು. ಅದನ್ನು ದಾಂಪತ್ಯದ ಅಳತೆಗೋಲು ಮಾಡಿಕೊಂಡರೆ ಹೆಂಡತಿಯೂ ಸೋಲುತ್ತಾಳೆ, ಗಂಡನೂ ಸೋಲುತ್ತಾನೆ. ಪರದೆಗೆ ದಣಿವಿಲ್ಲ, ಬೇಸರವಿಲ್ಲ, ಒಪ್ಪಿಗೆ ಕೇಳಬೇಕಿಲ್ಲ. ಸಂಗಾತಿಯ ಜೊತೆ ಮಾತು, ಕಾಳಜಿ, ಕಾಯುವಿಕೆ ಎಲ್ಲವೂ ಬೇಕು.

2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 10 ದೇಶಗಳ 50 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಹೆಚ್ಚು ನೋಡುವ ಗಂಡಸರಲ್ಲಿ ಸಂಬಂಧದ ತೃಪ್ತಿ ಸ್ವಲ್ಪ ಕಡಿಮೆ ಎಂದು ಕಂಡುಬಂತು. ಆದರೆ ಚಿತ್ರದಿಂದ ಅತೃಪ್ತಿಯೋ, ಅತೃಪ್ತಿಯಿಂದ ಚಿತ್ರವೋ ಎಂಬುದನ್ನು ಇಂಥ ಅಧ್ಯಯನಗಳಿಂದ ಖಚಿತವಾಗಿ ಹೇಳಲಾಗದು. ಎಷ್ಟೋ ಮನೆಗಳಲ್ಲಿ ಚಿತ್ರಕ್ಕಿಂತ ಹೆಚ್ಚು ನೋಯಿಸುವುದು ಮುಚ್ಚುಮರೆ ಮತ್ತು ಸುಳ್ಳು.

ಕಾಯಿಲೆ ಯಾವಾಗ?

ನೋಡಿದವರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ, 2022ರಿಂದ ಜಾರಿಯಲ್ಲಿರುವ ರೋಗಗಳ ಪಟ್ಟಿಯಲ್ಲಿ ಹತೋಟಿ ತಪ್ಪಿದ ಲೈಂಗಿಕ ನಡವಳಿಕೆಯೂ ಸೇರಿದೆ. ಬಿಡಬೇಕೆಂದು ಮತ್ತೆ ಮತ್ತೆ ಯತ್ನಿಸಿದರೂ ಆಗದಿರುವುದು, ಕೆಲಸ, ಸಂಸಾರ, ಆರೋಗ್ಯ ಹಾಳಾದರೂ ಮುಂದುವರಿಸುವುದು, ಇದು ಆರು ತಿಂಗಳು ಅಥವಾ ಹೆಚ್ಚು ಕಾಲ ನಡೆಯುವುದು ಅದರ ಲಕ್ಷಣಗಳು. ‘ತಪ್ಪು ಮಾಡಿದೆ’ ಎಂಬ ಪಾಪಪ್ರಜ್ಞೆಯೊಂದೇ ಇದ್ದರೆ ಅದು ಈ ಕಾಯಿಲೆಯಲ್ಲ.

ನಿಮಿರುವಿಕೆಯ ತೊಂದರೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಗೆಸೊಪ್ಪು, ಹೆಂಡ, ಚಿಂತೆ ಕೂಡ ಕಾರಣವಾಗಬಹುದು. ಗೋಡೆಯ ಮೇಲಿನ ‘ಗುಪ್ತರೋಗ’ ಜಾಹೀರಾತು ನೋಡಿ ಲಾಡ್ಜಿಗೆ ಹೋಗಿ ಹಣ ಕಳೆಯಬೇಡಿ. ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿ.

ಏನು ಮಾಡಬೇಕು?

ಹೆಂಡತಿ ಮೊದಲು ತಿಳಿಯಬೇಕಾದದ್ದು: ಇದು ನಿಮ್ಮ ರೂಪದ ಕೊರತೆಯಲ್ಲ. ಜಗಳದ ನಡುವೆ, ಮಕ್ಕಳ ಎದುರು ಈ ಮಾತು ಎತ್ತಬೇಡಿ. ಇಬ್ಬರೇ ಇರುವಾಗ, “ರೀ, ನೀವು ನನ್ನಿಂದ ದೂರ ಆಗ್ತಿದ್ದೀರಿ ಅನ್ನಿಸ್ತಿದೆ, ಏನು ವಿಷಯ ಹೇಳಿ” ಎಂದು ಕೇಳಿ. ಗಂಡ ಸುಳ್ಳು ಹೇಳಿ ಜಾರಿಕೊಳ್ಳದೆ ಒಪ್ಪಿಕೊಂಡರೆ ಅರ್ಧ ಭಾರ ಇಳಿದಂತೆ. ಹೆಂಡತಿಯೇ ನೋಡುವ ಮನೆಗಳೂ ಇವೆ. ಅಲ್ಲಿಯೂ ಇದೇ ಮಾತು.

ಮಲಗುವ ಕೋಣೆಯಿಂದ ಮೊಬೈಲನ್ನು ಹೊರಗಿಡಿ. ಯಾವ ಹೊತ್ತಿನಲ್ಲಿ, ಯಾವ ಮನಸ್ಥಿತಿಯಲ್ಲಿ ಕೈ ಅತ್ತ ಹೋಗುತ್ತದೆಂದು ಗಮನಿಸಿ: ಒಂಟಿತನವೇ, ಸಾಲದ ಚಿಂತೆಯೇ, ನಿದ್ದೆ ಬಾರದಿರುವುದೇ? ಆ ಮೂಲ ತಿಳಿದರೆ ಬಿಡುವುದು ಸುಲಭ. ಒಮ್ಮೆ ಜಾರಿದರೆ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಡಿ.

ಚಿತ್ರದಲ್ಲಿ ಕಂಡದ್ದನ್ನು ಹೆಂಡತಿ ಒಲ್ಲೆನೆಂದರೂ ಮಾಡೆಂದು ಒತ್ತಾಯಿಸುವುದು ಹಿಂಸೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಲೈಂಗಿಕ ಹಿಂಸೆಯನ್ನೂ ಒಳಗೊಂಡಿದೆ. ಮಹಿಳಾ ಸಹಾಯವಾಣಿ 181.

ನೆರವು ಎಲ್ಲಿ?

ಹತೋಟಿ ತಪ್ಪಿದ್ದರೆ ಮನೋವೈದ್ಯರನ್ನು ಕಾಣಿ. ಸಾಧ್ಯವಾದರೆ ಇಬ್ಬರೂ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಅತಿಬಳಕೆಗೆಂದೇ 2014ರಲ್ಲಿ ‘ಶಟ್’ ಕ್ಲಿನಿಕ್ ಆರಂಭವಾಯಿತು. ಅಷ್ಟು ದೂರ ಹೋಗಲಾಗದವರು 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ತೆಂಗಿನ ಗರಿ ಒಣಗಿದರೆ ನಾವು ಮರವನ್ನು ಬೈಯುವುದಿಲ್ಲ, ಬುಡ ನೋಡುತ್ತೇವೆ. ಸಂಸಾರದಲ್ಲೂ ಅಷ್ಟು ತಾಳ್ಮೆ ಇರಲಿ.