ಕಚೇರಿಯ ಕನಿಕರ: ನಂಬಿಕೆ ಮತ್ತು ನಿಜಸ್ಥಿತಿ

ನಮ್ಮ ಕಚೇರಿಗಳಲ್ಲಿ ಬೈಗುಳಕ್ಕೆ ದೂರು ಕೊಡಬಹುದು, ಅನ್ಯಾಯದ ವರ್ಗಾವಣೆಗೆ ಮೇಲ್ಮನವಿಯೂ ಉಂಟು; ಆದರೆ ಮೇಲಧಿಕಾರಿಯು ಮುಗುಳ್ನಗುತ್ತ, "ನಿನಗೇಕಮ್ಮ ಇಷ್ಟು ತೊಂದರೆ, ಆ ಕಡತವನ್ನು ಮೂರ್ತಿಯವರು ನೋಡಿಕೊಳ್ಳುತ್ತಾರೆ ಬಿಡು" ಎಂದು ಕೈಯಲ್ಲಿದ್ದ ಕೆಲಸವನ್ನು ತೆಗೆದುಕೊಂಡಾಗ ಏನು ಹೇಳಬೇಕೆಂಬುದು ಯಾರಿಗೂ ಹೊಳೆಯದು. ಆ ಮೌನದ ಆಶ್ರಯದಲ್ಲಿ ಕೆಲವು ನಂಬಿಕೆಗಳು ಬೇರೂರಿವೆ.

ಉದ್ದೇಶವು ಒಳ್ಳೆಯದಾಗಿದ್ದರೆ ಅಂಥ ಮಾತಿನಿಂದ ಹಾನಿಯಿಲ್ಲ, ನೊಂದುಕೊಳ್ಳುವವರದೇ ಅತಿಸೂಕ್ಷ್ಮತೆ ಎಂಬುದು ಮೊದಲನೆಯದು. ಇದು ನಿಜವಲ್ಲ. ಬೆಲ್ಜಿಯಂ ದೇಶದ ಮನೋವಿಜ್ಞಾನಿ ಬೆನ್ವಾ ದಾರ್ದೆನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಉದ್ಯೋಗದ ಆಯ್ಕೆಯ ಸನ್ನಿವೇಶವೊಂದನ್ನು ಕಲ್ಪಿಸಿ, ಕೆಲವು ಸ್ತ್ರೀಯರಿಗೆ ಬಹಿರಂಗವಾದ ಹೀಯಾಳಿಕೆಯನ್ನೂ, ಮತ್ತೆ ಕೆಲವರಿಗೆ ಪುರುಷ ಸಹೋದ್ಯೋಗಿಗಳು ನೆರವಾಗುವರೆಂಬ ಸೌಜನ್ಯದ ಮಾತನ್ನೂ ಕೇಳಿಸಿ ಪರೀಕ್ಷಿಸಿದಾಗ, ಸೌಜನ್ಯಕ್ಕೆ ಪಾತ್ರರಾದವರೇ ಹೆಚ್ಚು ಹಿಂದೆಬಿದ್ದರು. ಕಾರಣವು ವಿಚಾರಾರ್ಹವಾದುದು: ಹೀಯಾಳಿಕೆಯನ್ನು ಹೀಯಾಳಿಕೆಯೆಂದೇ ಗುರುತಿಸಿ ಬದಿಗೊತ್ತಬಹುದು, ಉಪಕಾರದ ರೂಪದಲ್ಲಿ ಬಂದುದಾದರೋ, 'ನಾನು ನಿಜವಾಗಿಯೂ ಸಮರ್ಥಳೇ' ಎಂಬ ಶಂಕೆಯನ್ನು ಚಿತ್ತದಲ್ಲಿ ಎಬ್ಬಿಸಿ ಏಕಾಗ್ರತೆಯನ್ನೇ ಕದಡಿಬಿಡುತ್ತದೆ.

ಹಾಗೆಂದು ಹಿರಿಯರು ಮಗಳೆಂದೋ ತಮ್ಮನೆಂದೋ ಸಂಬೋಧಿಸಿದುದೆಲ್ಲ ತಾತ್ಸಾರವೆಂದು ಬಗೆಯುವುದೂ ತಪ್ಪೇ. ಹಾಗೆ ಕರೆದ ಮೇಲೆ ಅವರು ಕೆಲಸವನ್ನು ಕಲಿಸಿಕೊಟ್ಟರೋ, ಕೈಯಿಂದ ತೆಗೆದುಕೊಂಡರೋ ಎಂಬುದೇ ಇಲ್ಲಿ ಒರೆಗಲ್ಲು.

ಇದೆಲ್ಲ ವ್ಯಕ್ತಿಯ ಸ್ವಭಾವದ ಮಾತು, ವ್ಯವಸ್ಥೆಗೆ ಸಂಬಂಧವಿಲ್ಲ ಎನ್ನುವವರು ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರ ವೃತ್ತಾಂತವನ್ನು ತಿಳಿಯಬೇಕು. ಭಾರತೀಯ ವಿದೇಶಾಂಗ ಸೇವೆಯನ್ನು 1949ರಲ್ಲಿ ಸೇರಿದ ಪ್ರಥಮ ಮಹಿಳೆ ಅವರು. ಆ ಸೇವೆಯ 1961ರ ನಿಯಮಗಳ ಪ್ರಕಾರ ಮಹಿಳಾ ಅಧಿಕಾರಿಯು ವಿವಾಹಕ್ಕೆ ಮುನ್ನ ಸರ್ಕಾರದ ಲಿಖಿತ ಅನುಮತಿಯನ್ನು ಪಡೆಯಬೇಕಾಗಿತ್ತು. ಸಂಸಾರದ ಹೊಣೆಯು ಕರ್ತವ್ಯಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ತೋರಿದರೆ ವಿವಾಹಾನಂತರ ಆಕೆಯಿಂದ ರಾಜೀನಾಮೆಯನ್ನೂ ಕೇಳಬಹುದಾಗಿತ್ತು. ಸಂಸಾರವು ಗಂಡಸಿಗೂ ಉಂಟಲ್ಲವೆ? 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ಹೋದವರಿಗೂ ಮುಂದೆ ಮೇಲಿನ ದರ್ಜೆಯ ಬಡ್ತಿ ತಪ್ಪಿದಾಗ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಮೊಕದ್ದಮೆಯು ಇತ್ಯರ್ಥವಾಗುವ ಮೊದಲೇ ಬಡ್ತಿ ದೊರೆಯಿತು. ಆದರೂ 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಸೇವಾನಿಯಮಗಳನ್ನೆಲ್ಲ ತಾರತಮ್ಯದ ಕಲೆ ಉಳಿಯದಂತೆ ಪರಿಷ್ಕರಿಸಬೇಕೆಂದು ಸರ್ಕಾರಕ್ಕೆ ಸೂಚಿಸಿ ತೀರ್ಪಿತ್ತರು.

ಸಹಿಸುವುದು ಇಲ್ಲವೆ ಜಗಳವಾಡುವುದು, ಇವೆರಡೇ ದಾರಿಯೆಂಬ ನಂಬಿಕೆಯೂ ಬಹಳ ಜನರನ್ನು ಕಟ್ಟಿಹಾಕಿದೆ. ಸಭೆಯಲ್ಲಿ ವಿಷಯ ನಿರ್ವಾಹಕಿಯು ಬರೆದ ಟಿಪ್ಪಣಿಯನ್ನು ವಿವರಿಸುವಂತೆ ಅಧಿಕಾರಿಯು ಪಕ್ಕದವರನ್ನು ಕೇಳಿದನೆನ್ನಿ, ಆಗ ಆಕೆ ಧ್ವನಿಯೇರಿಸದೆ, "ಸರ್, ಈ ಟಿಪ್ಪಣಿ ನಾನು ಬರೆದದ್ದು, ಎರಡನೆಯ ಕಂಡಿಕೆಯ ಲೆಕ್ಕವನ್ನು ನಾನೇ ಹೇಳುತ್ತೇನೆ" ಎಂದು ಕೂಡಲೆ ಆರಂಭಿಸಿದರೆ ಅದು ಉದ್ಧಟತನವಲ್ಲ. ಪಕ್ಕದವರೂ "ಅವರೇ ಹೇಳಲಿ, ಲೆಕ್ಕ ಹಾಕಿದವರು ಅವರು" ಎಂದರೆ ಮಾತು ಮತ್ತಷ್ಟು ಸುಲಭವಾದೀತು. ಅಧ್ಯಕ್ಷ ಬರಾಕ್ ಒಬಾಮಾ ಅವರ ಕಾಲದಲ್ಲಿ ಶ್ವೇತಭವನದ ಮಹಿಳಾ ಸಿಬ್ಬಂದಿಯು ಒಬ್ಬರ ಸಲಹೆಯನ್ನು ಮತ್ತೊಬ್ಬರು ಹೆಸರು ಹಿಡಿದು ಪುನರುಚ್ಚರಿಸುವ ಪದ್ಧತಿಯನ್ನೇ ಇಟ್ಟುಕೊಂಡಿದ್ದರು.

ಕೊನೆಯದಾಗಿ, ಮೆಚ್ಚಿ ಬರೆದ ಮಾತಿನಿಂದ ನಷ್ಟವಿಲ್ಲವೆಂಬ ಭ್ರಮೆ. ಕನಿಕರದಿಂದ ಕಠಿನ ಕಡತಗಳನ್ನು ತಪ್ಪಿಸಿದವರೇ ವರ್ಷಾಂತ್ಯದ ಕಾರ್ಯನಿರ್ವಹಣಾ ವರದಿಯಲ್ಲಿ ಸಾಧಾರಣ ಶ್ರೇಣಿಯನ್ನು ಬರೆದುಬಿಡುವುದುಂಟು. ಗಡಿ ರಸ್ತೆಗಳ ಸೇವೆಯಲ್ಲಿದ್ದ ದೇವ್ ದತ್ ಎಂಬ ಇಂಜಿನಿಯರ್ ಅವರ ವರದಿಯಲ್ಲಿ ಒಂದು ವರ್ಷ 'ಉತ್ತಮ' ಎಂದಷ್ಟೇ ಇದ್ದುದರಿಂದ, 'ಅತ್ಯುತ್ತಮ'ವನ್ನು ಬಯಸುವ ಬಡ್ತಿಯು ಅವರ ಕೈತಪ್ಪಿತು; ಆ ನಮೂದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. ಪ್ರತಿಕೂಲವಾದುದನ್ನು ಮಾತ್ರವಲ್ಲ, ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ವಿಧಿಸಿತು. ಆದಕಾರಣ ಸರ್ಕಾರಿ ನೌಕರರು ತಮ್ಮ ವರದಿಯನ್ನು ಕೇಳಿ ಪಡೆದು, ತಮ್ಮಿಂದ ತೆಗೆದು ಬೇರೆಯವರಿಗೆ ಕೊಟ್ಟ ಕೆಲಸ ಯಾವುದು, ಕೊಟ್ಟ ದಿನ ಯಾವುದು ಎಂಬುದನ್ನು ನಮೂದಿಸಿ, ಲಿಖಿತ ಮನವಿಯನ್ನು ಸಲ್ಲಿಸಬಹುದು.