ಸ್ಕ್ರೂ ಕಚ್ಚಿಕೊಂಡಿದೆಯಾ? ಸುತ್ತಿಗೆ ಎತ್ತಬೇಡಿ!

ಚೌತಿ ಹತ್ತಿರ ಬಂತೆಂದರೆ ನಮ್ಮ ಹೊನ್ನಾವರ, ಕುಮಟಾ ಕಡೆ ಅಟ್ಟದ ಸಾಮಾನೆಲ್ಲ ಕೆಳಗಿಳಿಯುತ್ತದೆ. ತಿರುಪಿನ ಚಕ್ಕುಲಿ ಒರಳು, ಮೇಜಿಗೆ ಬಿಗಿಯುವ ಕಾಯಿ ತುರಿಯುವ ಯಂತ್ರ... ಇಳಿಸಿ ನೋಡಿದರೆ ಸ್ಕ್ರೂ ಜಪ್ಪಯ್ಯ ಅಂದರೂ ಅಲ್ಲಾಡೋದಿಲ್ಲ! ಹಲಗೆ ಬಿಗಿಯಲು ಆಚಾರಿಗಳು ಬಳಸುವ ಸಿ-ಕ್ಲ್ಯಾಂಪಿನದ್ದೂ ಇದೇ ಪಾಡು. ಕೊನೆಗೆ ಮಾವನವರ ಕಾಲದ ಗಟ್ಟಿಮುಟ್ಟು ಸಾಮಾನು ನಾಲ್ಕು ಕಾಸಿಗೆ ಗುಜರಿ ಸೇರುತ್ತದೆ. ಸ್ವಲ್ಪ ತಾಳ್ಮೆ ಇದ್ದರೆ ಅದನ್ನು ನೀವೇ ಉಳಿಸಿಕೊಳ್ಳಬಹುದು.

ಯಾಕೆ ಹೀಗಾಗುತ್ತೆ?

ಕರ್ಕಿಯಂಥ ಊರಲ್ಲಿ ಒಂದು ಬದಿ ಅರಬ್ಬಿ ಸಮುದ್ರ, ಮಗ್ಗುಲಲ್ಲೇ ಬಡಗಣಿ ಹೊಳೆ. ಗಾಳಿಯಲ್ಲಿನ ಉಪ್ಪು ಕಬ್ಬಿಣದ ಮೇಲೆ ಕೂತು ತೇವ ಎಳೆದುಕೊಳ್ಳುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಹಾಗಾಗಿ ಸ್ಕ್ರೂವಿನ ಸುತ್ತುಗಳ ನಡುವೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಜೋರು ಮಾಡಿ ತಿರುಗಿಸಿದರೆ ಹಿಡಿಕೆ ಬಾಗುತ್ತದೆ. ಸುತ್ತಿಗೆಯಿಂದ ಬಡಿದರೆ ಬೀಡಿನ ಚೌಕಟ್ಟು ಬಿರುಕು ಬಿಡುತ್ತದೆ.

ಬಿಡಿಸೋದು ಹೇಗೆ?

* ಹಳೆ ಟೂತ್‌ಬ್ರಶ್‌ನಿಂದ ಸ್ಕ್ರೂವಿನ ಸುತ್ತುಗಳ ಧೂಳು, ತುಕ್ಕು ಉದುರಿಸಿ.

* ಸ್ಕ್ರೂ ಒಳಹೋಗುವ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ನಾಲ್ಕೈದು ಹನಿ ಬಿಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಡಬ್ಲ್ಯೂಡಿ-40 ಸ್ಪ್ರೇ ಕೂಡ ಆದೀತು. 1953ರಲ್ಲಿ ಅಮೆರಿಕದಲ್ಲಿ ತಯಾರಾದ ಇದರ ಸೂತ್ರ ಸರಿಯಾಗಿದ್ದು ನಲವತ್ತನೇ ಪ್ರಯತ್ನದಲ್ಲಂತೆ. ಹೆಸರಿನ 40 ಬಂದದ್ದು ಹಾಗೆ! ನೀವೂ ಒಂದೇ ಸಲಕ್ಕೆ ಕೈಬಿಡಬೇಡಿ.

* ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ಎಣ್ಣೆ ಒಳಗಿಳಿಯುತ್ತದೆ.

* ಕೂದಲೆಳೆಯಷ್ಟು ಬಲಕ್ಕೆ, ಆಮೇಲೆ ಎಡಕ್ಕೆ ತಿರುಗಿಸಿ. ಅಲುಗಾಡಿತೆಂದರೆ ಗೆದ್ದಂತೆ. ಮತ್ತೆರಡು ಹನಿ ಎಣ್ಣೆ ಹಾಕಿ ಹಿಂದೆ ಮುಂದೆ ಆಡಿಸುತ್ತಾ ಬಿಡಿಸಿ.

* ಇಷ್ಟಾದರೂ ಜಗ್ಗದಿದ್ದರೆ ಸ್ಕ್ರೂ ಸುತ್ತಲಿನ ಚೌಕಟ್ಟಿನ ಮೇಲೆ ಕುದಿಯುವ ನೀರು ಸುರಿಯಿರಿ. ಹೊರಭಾಗ ಬಿಸಿಗೆ ತುಸು ಹಿಗ್ಗಿ ಹಿಡಿತ ಸಡಿಲವಾಗುತ್ತದೆ. ಬಟ್ಟೆ ಸುತ್ತಿ ಹಿಡಿದುಕೊಳ್ಳಿ, ಕೈ ಜೋಪಾನ.

ಕೆಲವೊಮ್ಮೆ ಕಚ್ಚಿಕೊಂಡಿರೋದು ತುಕ್ಕಲ್ಲ, ಒಣಗಿದ ಫೆವಿಕಾಲ್. ಅದಕ್ಕೆ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿಡಿ. ಅಂಟು ಮೆತ್ತಗಾದ ಮೇಲೆ ಕಡ್ಡಿಯಿಂದ ಕೆರೆದು ತೆಗೆಯಿರಿ.

ಬಿಚ್ಚಿದ ಮೇಲೆ

ತುಕ್ಕು ಉಳಿದಿದ್ದರೆ ಆ ಭಾಗವನ್ನು ಕೆಲವು ಗಂಟೆ ವಿನೆಗರ್‌ನಲ್ಲಿ ನೆನೆಸಿ ಉಜ್ಜಿ. ದಿನಗಟ್ಟಲೆ ಬಿಟ್ಟರೆ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ. ಮರಗೆಲಸದ ಕ್ಲ್ಯಾಂಪಾದರೆ ಸ್ಕ್ರೂವಿಗೆ ಮೇಣದ ಬತ್ತಿ ಉಜ್ಜಿ. ಮರದ ಪುಡಿ ಅಂಟುವುದಿಲ್ಲ. ಕೊಬ್ಬರಿ ಎಣ್ಣೆ ಕೈಗೆ ಸಿಗುತ್ತದೆ ನಿಜ, ಆದರೆ ದಿನ ಕಳೆದಂತೆ ಜಿಗುಟಾಗುತ್ತದೆ.

ನೆನಪಿರಲಿ

* ಎಣ್ಣೆ, ಸ್ಪ್ರೇ ಹಾಕಿದ್ದನ್ನು ಗ್ಯಾಸ್ ಒಲೆಯ ಬಳಿ ತರಲೇಬೇಡಿ, ಬೆಂಕಿ ಹೊತ್ತಿಕೊಂಡೀತು.

* ವಿನೆಗರ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

* ಕಾಯಿ ತುರಿಯುವ ಹಲ್ಲಿಗೆ, ಚಕ್ಕುಲಿ ಒರಳಿನ ಒಳಕ್ಕೆ ಸ್ಪ್ರೇ ತಾಗಿದರೆ ಸೋಪು, ಬಿಸಿನೀರಲ್ಲಿ ತೊಳೆಯದೆ ಬಳಸಬೇಡಿ.

* ಭಾರದ ಹಲಗೆ ಹಿಡಿದಿರುವ ಕ್ಲ್ಯಾಂಪನ್ನು ಒಬ್ಬರೇ ಬಿಚ್ಚಬೇಡಿ. ಹಲಗೆ ಹಿಡಿಯಲು ಇನ್ನೊಬ್ಬರಿರಲಿ, ಮಕ್ಕಳು ದೂರವಿರಲಿ.

* ಎತ್ತಿಡುವಾಗ ಸ್ಕ್ರೂ ಸಡಿಲಿಸಿ, ಕಾಗದದಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಅದರೊಳಗೆ ಹಾಕಿ.

ಮುಂದಿನ ಚೌತಿಗೆ ಅಟ್ಟದಿಂದ ಇಳಿಸಿದಾಗ ಸ್ಕ್ರೂ ಒಂದೇ ಬೆರಳಿಗೆ ತಿರುಗಬೇಕು. ಪ್ರಯತ್ನಿಸಿ ನೋಡಿ!